ಆಯುಧಪೂಜೆಯ ದಿನ ಓಡಿಸಿದ ರೀಲು

2012ರ ಆಯುಧಪೂಜೆಯ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ, ಸದಾನಂದ ಅಂಕಲ್ ಅವರ ಗ್ಯಾರೇಜಿನೊಳಗೆ, ವಾಷಿಂಗ್ ಮೆಷಿನ್ನಿಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ವಿಚಿತ್ರ ಅನುಭವ ಹೇಳಿಕೊಳ್ಳುವವರನ್ನು ಕಂಡರೆ ಅಲ್ಲಿಯವರೆಗೆ ನಾನು ಒಳಗೊಳಗೇ ನಗುತ್ತಿದ್ದೆ.

ಆಗ ನಾನು ಲಾಸ್ ಏಂಜಲೀಸ್‌ನಲ್ಲಿ ಹಳೆಯ ಸಿನಿಮಾಗಳ ಸಂರಕ್ಷಣೆ ಓದುತ್ತಿದ್ದೆ. ಸಿನಿಮಾದವರ ಬದುಕಿನ ಬಗ್ಗೆಯೇ ಬ್ರಿಟನ್ನಿನಲ್ಲಿ ತೆಗೆದ ಒಂದು ಮೂಕಿ ಚಿತ್ರ ನನ್ನ ಪ್ರಬಂಧದ ವಿಷಯ. ಅದರ ಒಂದು ಪ್ರತಿಯೂ ಉಳಿದಿಲ್ಲವೆಂದೇ ಎಲ್ಲರ ನಂಬಿಕೆ. ಉಡುಪಿ ಕಡೆಯವರಾದ ಅಂಕಲ್‌ಗೆ, ಮನೆ ಖಾಲಿ ಮಾಡಿದ ನೆರೆಮನೆಯ ಇಂಗ್ಲಿಷ್ ಮುದುಕರೊಬ್ಬರು ಒಂದು ಪ್ರೊಜೆಕ್ಟರನ್ನೂ ಒಂದು ರೀಲನ್ನೂ ಕೊಟ್ಟುಹೋಗಿದ್ದರು. ರೀಲಿನಲ್ಲಿ ಚಿತ್ರದ ಹೆಸರಿರಲಿಲ್ಲ. ಅದು ನನ್ನ ಚಿತ್ರವೇ ಎನ್ನಲು ಗುರುತು ಒಂದೇ: ಹಳೆಯ ಕಥಾಸಾರದ ಪ್ರಕಾರ, ನಾಯಕಿ ಎಲ್ಲರೆದುರು ಸ್ಟುಡಿಯೋ ಮಾಲೀಕನ ಕೆನ್ನೆಗೆ ಬಾರಿಸಬೇಕು. ಆ ಏಟು ಇಲ್ಲದಿದ್ದರೆ ಬೇರೆ ವಿಷಯ ಹುಡುಕಿಕೊಳ್ಳಿ ಎಂದು ನನ್ನ ಗೈಡ್ ಹೇಳಿಬಿಟ್ಟಿದ್ದರು. ಎರಡು ವರ್ಷದ ಕೆಲಸ ಒಂದು ಏಟಿಗಾಗಿ ಕಾದಿತ್ತು.

ಅಂಕಲ್ ಅವರ ಹೆಂಡತಿ ವಾಸಂತಿ ಆಂಟಿ ಬೆಳಗ್ಗೆಯೇ ಕಾರು, ಮಿಕ್ಸಿ, ವಾಷಿಂಗ್ ಮೆಷಿನ್, ಪ್ರೊಜೆಕ್ಟರ್ ಎಲ್ಲಕ್ಕೂ ಕುಂಕುಮವಿಟ್ಟು ಹೂ ಮುಡಿಸಿದ್ದರು. "ಪೂಜೆಗಿಟ್ಟದ್ದನ್ನು ಇವತ್ತು ಮುಟ್ಲಿಕ್ಕಿಲ್ಲ. ನಾಳೆ ನೋಡಿ" ಎಂದರು. ನನಗೆ ತಾಳ್ಮೆಯಿರಲಿಲ್ಲ. ಹೂವನ್ನು ಪಕ್ಕಕ್ಕಿಟ್ಟು ಸ್ವಿಚ್ ಹಾಕಿದೆ.

ಗೋಡೆಗೆ ಕಟ್ಟಿದ್ದ ಅಂಕಲ್ ಪಂಚೆಯ ಮೇಲೆ ಸ್ಟುಡಿಯೋ ಕಂಡಿತು. ಸಿಗಾರ್ ಕಚ್ಚಿದ ದಪ್ಪ ಮಾಲೀಕ. ಎದುರಿಗೆ ನಾಯಕಿ. ಆಕೆ ಕೈ ಎತ್ತಿದಳು. ಅಷ್ಟರಲ್ಲಿ ಒಬ್ಬಾತ ಟ್ರೇ ಹಿಡಿದು ಬಂದ. ಎತ್ತಿದ ಕೈಯಿಂದಲೇ ಆಕೆ ಒಂದು ಕಪ್ ತೆಗೆದುಕೊಂಡಳು. ಮಾಲೀಕನೂ ತೆಗೆದುಕೊಂಡ. ಕ್ಯಾಮೆರಾದವನು ಕ್ಯಾಮೆರಾಕ್ಕೆ ಬಟ್ಟೆ ಹೊದಿಸಿ ಕುಳಿತ. ರೀಲು ಮುಗಿಯುವವರೆಗೆ, ನನ್ನ ಗಡಿಯಾರದಲ್ಲಿ ಒಂಬತ್ತು ನಿಮಿಷ, ಅವರೆಲ್ಲ ಚಹಾ ಕುಡಿದರು.

"ಎಂತ ಮಾರಾಯ್ರೆ, ಇದು ಸಿನಿಮಾವೋ ಚಾದ ಅಂಗಡಿಯೋ?" ಎಂದರು ಅಂಕಲ್.

"ಅವರಿಗಾದ್ರೂ ಗೊತ್ತುಂಟು, ಇವತ್ತು ರಜೆ ಅಂತ" ಎಂದು ಆಂಟಿ ನನ್ನನ್ನೇ ನೋಡಿದರು.

ಏಟು ಇಲ್ಲ, ಬರೀ ಚಹಾ ಇದೆ ಎಂದು ಆ ಸಂಜೆಯೇ ಗೈಡ್‌ಗೆ ಮೇಲ್ ಮಾಡಿದೆ. ಆದರೂ ಮನಸ್ಸು ತಡೆಯದೆ, ಎರಡು ದಿನ ಬಿಟ್ಟು ರೀಲನ್ನು ಗ್ಲೆಂಡೇಲ್‌ನ ಒಂದು ಲ್ಯಾಬಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಅಲ್ಲಿ ಆಕೆ ಬಾರಿಸಿದಳು. ಸಿಗಾರ್ ಹಾರಿಹೋಯಿತು. ಟ್ರೇಯವನು ಎಲ್ಲೂ ಇರಲಿಲ್ಲ. ಅದೇ ರೀಲು, ಅದೇ ಡಬ್ಬಿ, ಮುಚ್ಚಳದ ಮೇಲೆ ಆಂಟಿ ಇಟ್ಟ ಕುಂಕುಮ. ದೃಶ್ಯದ ಮೂಲೆಯಲ್ಲಿ ಮೇಜಿನ ಮೇಲೆ ಖಾಲಿ ಕಪ್‌ಗಳ ರಾಶಿಯೊಂದು ಕಾಣುವುದೇನೋ ನಿಜ. ಬ್ರಿಟಿಷ್ ಸಿನಿಮಾದಲ್ಲಿ ಅದನ್ನು ಸಾಕ್ಷಿ ಎನ್ನಲಾಗದು.

ಪ್ರಬಂಧ ಉಳಿಯಿತು. ಆ ಮೇಲ್ ಬಗ್ಗೆ ಗೈಡ್ ಕೇಳಿದಾಗ, ಜ್ವರವಿತ್ತು ಎಂದೆ. ಜ್ವರವಿರಲಿಲ್ಲ. ನಾನು ಕಣ್ಣಾರೆ ಕಂಡ ಒಂಬತ್ತು ನಿಮಿಷ ಮಾತ್ರ ಆ ಪ್ರಬಂಧದಲ್ಲಿಲ್ಲ.

ನೋಡಿದವರು ಮೂವರು. ಅಂಕಲ್ ಈಗಿಲ್ಲ. ವಾಸಂತಿ ಆಂಟಿ ಸ್ಕ್ರಿಪ್ಸ್ ರ್ಯಾಂಚ್‌ನ ಅದೇ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಮಾಲೀಕ ಎರಡು ಕಪ್ ಕುಡಿದನೆಂದು ಇವತ್ತಿಗೂ ಹೇಳುತ್ತಾರೆ. ನಾನು ನೋಡಿದಂತೆ ಮೂರು.