ಪಾಠಕ್ಕೊಂದು ಸುಳ್ಳು

ಬಿಸಿಯೂಟ ಮುಗಿದ ಮೇಲಿನ ಪಿರಿಯಡ್ ವಿಜ್ಞಾನದ್ದು. ಹೂವಿನ ಹಿಪ್ಪರಗಿ ಕಡೆಯ ಆ ಸರ್ಕಾರಿ ಹೈಸ್ಕೂಲಿನಲ್ಲಿ ಹೊಸಬರ ಕೊರಳಿಗೇ ಆ ಪಿರಿಯಡ್ ಬೀಳುತ್ತಿತ್ತು, ನನಗೂ ಬಿತ್ತು. ಎಂಟನೇ ತರಗತಿಯ ಮಕ್ಕಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದರು. ನಾನು "ತಿಳೀತೇನು?" ಎಂದರೆ ಸಾಕು, "ತಿಳಿತ್ರೀ ಟೀಚರ್" ಎಂದು ಒಂದೇ ರಾಗದಲ್ಲಿ ಉತ್ತರ ಬರುತ್ತಿತ್ತು.

ಒಂದು ದಿನ ತಾಳ್ಮೆ ತಪ್ಪಿತು. ದನಿ ಬದಲಿಸದೆ, "ಇಂಡಿ ತಾಲ್ಲೂಕಿನ್ಯಾಗ ಸೂರ್ಯ ಪಶ್ಚಿಮಕ್ಕ ಹುಟ್ಟತಾನ. ತಿಳೀತೇನು?" ಎಂದೆ.

"ತಿಳಿತ್ರೀ ಟೀಚರ್!"

ಒಬ್ಬರೂ ನಗಲಿಲ್ಲ. ಬೈಯಲು ನನಗೆ ಬಾಯಿ ಬರಲಿಲ್ಲ. ಹೌದೆನ್ನುವುದನ್ನು ಅವರಿಗೆ ಕಲಿಸಿದವರು ನಾವೇ ಅಲ್ಲವೇ? ನಿಂತಲ್ಲೇ ಹೇಳಿದೆ: "ನಾಳಿಯಿಂದ ದಿನಾ ಪಾಠದಾಗ ಒಂದ ಸುಳ್ಳ ಹೇಳ್ತೇನಿ. ಯಾವಾಗ ಅಂತ ಹೇಳಂಗಿಲ್ಲ. ಹಿಡದವರು ಎದ್ದ ನಿಂತು ನನ್ನ ತಡೀಬೇಕು. ಬರೇ ಸುಳ್ಳ ಅಂದ್ರ ಸಾಲಂಗಿಲ್ಲ, ಯಾಕ ಸುಳ್ಳ ಅಂತ ತೋರಿಸ್ಬೇಕು."

ಮೊದಮೊದಲು ಅಂಜಿದರು. ಟೀಚರಿಗೆ ಸುಳ್ಳು ಎನ್ನುವುದೆಂದರೆ! ಆಮೇಲೊಂದು ದಿನ ನಾನು, ನಿಂಬೆರಸ ಹಾಕಿದರೆ ಅರಿಸಿನದ ಕಾಗದ ಕೆಂಪಾಗುತ್ತದೆ ಎಂದು ಗಂಭೀರವಾಗಿ ಹೇಳುತ್ತಿದ್ದಾಗ, ಅಲ್ಲಿಯವರೆಗೆ ಬಾಯಿಯನ್ನೇ ಬಿಡದಿದ್ದ ಒಬ್ಬ ಹುಡುಗಿ ದಢಕ್ಕನೆ ಎದ್ದಳು.

"ಸುಳ್ಳ ಹೇಳಾಕತ್ತೀರಿ ಟೀಚರ್! ಕೆಂಪಾಗೂದು ಸೋಪಿಗೆ. ಲಿಂಬಿಹಣ್ಣಿಗೆ ಹಳದಿ ಹಳದಿನ ಇರತೈತಿ."

ಮರುದಿನ ಅಜ್ಜಿಯ ತೋಟದ ನಿಂಬೆಹಣ್ಣು, ಒಂದು ತುಂಡು ಸೋಪು ತಂದು ಎಲ್ಲರೆದುರು ತೋರಿಸಿಯೇಬಿಟ್ಟಳು. ಅಂದಿನಿಂದ ಆ ಪಿರಿಯಡ್ಡಿನಲ್ಲಿ ನಿದ್ದೆ ಉಳಿಯಲಿಲ್ಲ. ನಾನು ಬಾಯಿ ತೆರೆದರೆ ಬೆಕ್ಕು ಇಲಿಯನ್ನು ನೋಡುವ ಹಾಗೆ ನೋಡುತ್ತಿದ್ದರು. ಸುಳ್ಳು ಯಾವುದೆಂದು ಗೊತ್ತಾಗಲೆಂದು ಪುಸ್ತಕವನ್ನು ಮನೆಯಲ್ಲೇ ಓದಿಕೊಂಡು ಬರತೊಡಗಿದರು. ಗದ್ದಲವೂ ಆಯಿತು, ಇಲ್ಲವೆನ್ನುವುದಿಲ್ಲ.

ಆ ಹುಡುಗಿಯ ಅಪ್ಪ ಒಂದು ದಿನ ನೇರ ಹೆಡ್‌ಮಾಸ್ಟರ್ ಕೋಣೆಗೇ ಬಂದರು. ಹೆಡ್‌ಮಾಸ್ಟರ್ ನನ್ನನ್ನೂ ಕರೆಸಿದರು.

"ಅಕ್ಕಾರ, ನನ್ನ ಮಗಳು ಮನ್ಯಾಗ ಎದುರ ಮಾತಾಡಾಕತ್ತಾಳ. ನಿನ್ನಿ ಬೀಗರ ಮುಂದ 'ಅಪ್ಪ, ಅದು ಸುಳ್ಳ' ಅಂದ್ಲು."

"ಆಕಿ ಅಂದದ್ದು ಖರೇ ಇತ್ತೋ ಇಲ್ಲೋ?"

ಅವರು ಟೊಪ್ಪಿಗೆ ಸರಿಪಡಿಸಿಕೊಂಡರು. "ಖರೇನ ಇತ್ರಿ. ಅದಕ್ಕ ತ್ರಾಸ ಆತು."

ಹೆಡ್‌ಮಾಸ್ಟರ್ ನಗಲಿಲ್ಲ. ಗಣಿತದವರು, ನಿವೃತ್ತಿಗೆ ಹತ್ತಿರವಾದವರು, ಕ್ಲಾಸೆಂದರೆ ಸೂಜಿ ಬಿದ್ದರೂ ಕೇಳಬೇಕೆನ್ನುವವರು. ಅಪ್ಪ ಹೋದ ಮೇಲೆ ಹೇಳಿದರು: "ಗುರುಗಳಿಗೆ ಸುಳ್ಳ ಹೇಳ್ತೀರಿ ಅನ್ನೂದು ಯಾವ ಶಿಸ್ತ್ರಿ? ಬಂದ್ ಮಾಡ್ರಿ ಇದನ್ನ."

ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಆದರೂ ಅಂದೆ: "ಬಂದ್ ಮಾಡಂಗಿಲ್ರಿ ಸರ. ನೀವ ಬಂದು ಕುಂತ ನೋಡ್ರಿ. ಆಮ್ಯಾಲ ಮ್ಯಾಲಿನವರಿಗೆ ಏನ ಬರೀತೀರೋ ಬರೀರಿ."

ಬಂದರು. ಹಿಂದಿನ ಬೆಂಚಿನಲ್ಲಿ ಕುಳಿತರು. ಮಕ್ಕಳು ಕಲ್ಲಾದರು. ಗ್ರಹಣದ ಪಾಠ. "ಸೂರ್ಯನಕಿಂತ ಚಂದ್ರ ದೊಡ್ಡದೈತಿ. ಅದಕ್ಕ ಗ್ರಹಣದಾಗ ಸೂರ್ಯ ಪೂರಾ ಮುಚ್ಚಿ ಹೋಗತಾನ" ಎಂದೆ. ಯಾರೂ ಏಳಲಿಲ್ಲ. ಇನ್ನೊಮ್ಮೆ ಹೇಳಿದೆ. ಬೋರ್ಡಿನ ಮೇಲೆ ಬರೆದೆ. ಅಳಿಸಿಬಿಡೋಣವೆಂದು ಕೈ ತುಡಿಯಿತು, ಅಳಿಸಲಿಲ್ಲ. ಹಟಕ್ಕೆ ಬಿದ್ದವಳಂತೆ ದೊಡ್ಡದೊಂದು ಚಂದ್ರ, ಅದರ ಪಕ್ಕ ಗೋಲಿಯಷ್ಟು ಸೂರ್ಯನನ್ನು ಬಿಡಿಸತೊಡಗಿದೆ.

"ಏ, ಹೆಂಗ ದೊಡ್ಡದಾಗತೈತ್ರಿ ಟೀಚರ್!"

ಎದ್ದು ನಿಂತವರು ಹೆಡ್‌ಮಾಸ್ಟರ್. ತಡೆಯಲಾಗಿರಲಿಲ್ಲ ಅವರಿಗೆ. ಕ್ಲಾಸು ಹೋ ಎಂದು ಚಪ್ಪಾಳೆ ತಟ್ಟಿತು. ಅದೇ ಧೈರ್ಯದಲ್ಲಿ ಆ ಹುಡುಗಿ ಕೇಳಿದಳು: "ಹಂಗಾರ ಸಣ್ಣ ಚಂದ್ರ ದೊಡ್ಡ ಸೂರ್ಯನ್ನ ಹೆಂಗ ಮುಚ್ಚತೈತ್ರಿ ಸರ?"

ಅವರು ಎಲ್ಲರನ್ನೂ ಹೊರಗೆ ಅಂಗಳಕ್ಕೆ ಕರೆದೊಯ್ದರು. "ಒಂದ ಕಣ್ಣ ಮುಚ್ಚರಿ. ಇನ್ನೊಂದರ ಮುಂದ ಹೆಬ್ಬಟ್ಟ ಹಿಡೀರಿ. ನೀರಿನ ಟಾಕಿ ಕಾಣತೈತೇನು?"

"ಇಲ್ರೀ ಸರ!"

"ಏನು, ನಿಮ್ಮ ಹೆಬ್ಬಟ್ಟ ಟಾಕಿಕಿಂತ ದೊಡ್ಡದೇನು?"

ನಗುತ್ತಲೇ ಮಕ್ಕಳು ಹೆಬ್ಬೆರಳನ್ನು ಹತ್ತಿರ ತಂದು, ದೂರ ಸರಿಸಿ, ತಮ್ಮತಮ್ಮಲ್ಲೇ ವಾದಕ್ಕಿಳಿದರು. ಗಂಟೆ ಬಾರಿಸಿದರೂ ಹೆಡ್‌ಮಾಸ್ಟರ್ ಬಿಡಲಿಲ್ಲ. ಒಳಗೆ ಬಂದು ನನ್ನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ತ್ರಿಕೋನ ಬಿಡಿಸತೊಡಗಿದರು.

ಆಮೇಲೆ ವರಾಂಡದಲ್ಲಿ ಮೆಲ್ಲಗೆ ಹೇಳಿದರು: "ಆ ಸುಳ್ಳ ಅನ್ನೂ ಶಬ್ದ ಒಂದ ಬಿಡ್ರಿ. ತಪ್ಪ ಅನ್ನಲಿ."

"ತಪ್ಪ ಅಂದ್ರ ಗೊತ್ತಿಲ್ದ ಆಗೂದ್ರಿ ಸರ. ಗೊತ್ತಿದ್ದೂ ಹೇಳಿದ್ದಕ್ಕ ಸುಳ್ಳ ಅಂತಾರ. ಮಕ್ಕಳಿಗೆ ಎರಡೂ ಶಬ್ದ ಬೇಕು."

ಅವರು ಒಪ್ಪಲಿಲ್ಲ, ಮೇಲಿನವರಿಗೆ ಬರೆಯಲೂ ಇಲ್ಲ.

ವರ್ಷದ ಕೊನೆಗೆ ಬಸವನ ಬಾಗೇವಾಡಿಯ ಶಿಕ್ಷಕರ ಸಭೆಯಲ್ಲಿ ನಾನು ಇದನ್ನು ಹೇಳಿದಾಗ ಒಬ್ಬ ಅಧಿಕಾರಿ ಕೇಳಿದರು: "ಇದರಿಂದ ಮಾರ್ಕ್ಸ್ ಏರಿದವೇನ್ರಿ?" ಕೆಲವರದು ಏರಿತ್ತು, ಕೆಲವರದು ಇದ್ದಲ್ಲೇ ಇತ್ತು. ಹಾಗೆಯೇ ಹೇಳಿದೆ.

"ಹಂಗಾರ ಉಪಯೋಗ ಏನು?"

"ಊಟ ಆದಮ್ಯಾಲ ಯಾರೂ ಮಲಗಂಗಿಲ್ರಿ ಸರ. ಒಮ್ಮಿ ಬಂದ ನೋಡ್ರಿ."

ಅವರು ಬರಲಿಲ್ಲ. ನಾನೀಗ ಮುದ್ದೇಬಿಹಾಳ ಕಡೆಯ ಶಾಲೆಯಲ್ಲಿದ್ದೇನೆ. ಪಕ್ಕದ ಕೋಣೆಯ ಮಾಸ್ತರರು ಆಗಾಗ ಬಂದು, "ಗದ್ದಲ ಭಾಳ ಆತ್ರಿ, ಬಾಗಲಾ ಹಾಕ್ಕೊರಿ" ಎನ್ನುತ್ತಾರೆ. ಸೆಕೆ ಬಹಳ ಇದೆಯೆಂದು ಹೇಳಿ, ಬಾಗಿಲು ತೆರೆದಿಟ್ಟೇ ಪಾಠ ಮುಂದುವರಿಸುತ್ತೇನೆ.