ಆಯುಧಪೂಜೆಗೆ ಇಳಿದ ಚೆಕ್‌ರೋಲು

ನನ್ನ ಹೊಟ್ಟೆಕಿಚ್ಚು ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ಗ್ರಾಮ ಲೆಕ್ಕಿಗರ ಹುದ್ದೆಯ ಆಯ್ಕೆ ಪಟ್ಟಿ ಬಂದ ದಿನ ಅದು. ಸುಂಟಿಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಅಂಗಡಿಯಲ್ಲಿ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು ನಾವಿಬ್ಬರೂ ಪರದೆ ನೋಡುತ್ತಿದ್ದೆವು. ಅವಳ ಹೆಸರಿತ್ತು. ನನ್ನದಿರಲಿಲ್ಲ. ಅಂಕ ನನಗೆ ಅವಳಿಗಿಂತ ಒಂಬತ್ತು ಹೆಚ್ಚು.

"ಅಕ್ಕಾ, ಇನ್ನೊಂದ್ಸಲ ನೋಡುವ. ನಿಮ್ದು ಕೆಳಗೆಲ್ಲಾದ್ರೂ ಇರ್ಬೋದು" ಅಂದಳು.

ಕೆಳಗೆ ಏನಿತ್ತು, ಮಣ್ಣು! "ನಂದು ಬಿಡು, ಮೊದ್ಲು ಹೋಗಿ ನಿಮ್ಮಮ್ಮಂಗೆ ಹೇಳು" ಎಂದು ನಕ್ಕೆ. ಅವತ್ತು ನಕ್ಕ ನಗೆಗೆ ಸಂಜೆಯವರೆಗೂ ದವಡೆ ನೋಯುತ್ತಿತ್ತು.

ಅವಳು ಯಾರು ಅಂತ ಹೇಳಿಬಿಡುತ್ತೇನೆ. ನಮ್ಮ ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಿಡಿಯುವುದು, ಯಾರನ್ನು ಯಾವ ಕೆಲಸಕ್ಕೆ ಕಳಿಸಿದೆ ಎಂದು ಬರೆಯುವುದು ಅವರ ಕೆಲಸ. ಅದಕ್ಕೂ ಮೊದಲು ನನ್ನ ತಾತ ಅದೇ ಎಸ್ಟೇಟಿನ ರೈಟರ್. ಅವಳು ಅದೇ ಎಸ್ಟೇಟಿನ ಲೈನಿನ ಹುಡುಗಿ. ಒಂದಕ್ಕೊಂದು ಅಂಟಿಕೊಂಡ ಆಳುಗಳ ಮನೆಗಳ ಸಾಲಿಗೆ ನಮ್ಮ ಕಡೆ ಲೈನು ಅನ್ನುತ್ತಾರೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಮನೆಯಲ್ಲಿ ತಮಿಳು. ಕನ್ನಡದ ಕಾಗುಣಿತ, ಮಗ್ಗಿ, ಆಮೇಲೆ ಸಂಧಿ ಸಮಾಸ ಎಲ್ಲ ಕಲಿತದ್ದು ನಮ್ಮ ಮನೆಯ ಜಗಲಿಯಲ್ಲಿ, ನನ್ನ ಹತ್ತಿರ. ಜಗಲಿಯಲ್ಲಿ ಎಂದದ್ದು ಯಾಕೆಂದರೆ ಒಳಗೆ ಬಾ ಎಂದು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ನಾನೂ ಕರೆದಿರಲಿಲ್ಲ.

ಮೀಸಲಾತಿ ಯಾಕೆ ಬೇಕು ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದವಳು ನಾನು. ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಪರೀಕ್ಷೆಯ ಹಾಲಿನಲ್ಲಿ ಒಪ್ಪಿದ್ದನ್ನು ಬಸ್ ಸ್ಟ್ಯಾಂಡಿನಲ್ಲಿ ಒಪ್ಪಲು ನನ್ನಿಂದ ಆಗಲಿಲ್ಲ. ನನ್ನ ಅರ್ಜಿಯಲ್ಲಿ ಹಿಂದುಳಿದ ವರ್ಗ, ಗ್ರಾಮೀಣ, ಕನ್ನಡ ಮಾಧ್ಯಮ, ಮಹಿಳೆ ಎಂದು ಸಿಕ್ಕ ಚೌಕಕ್ಕೆಲ್ಲ ನಾನೂ ಗುರುತು ಹಾಕಿದ್ದೆ. ಅದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ನನ್ನದು ಹಕ್ಕು, ಅವಳದ್ದು ಮೀಸಲಾತಿ. ನೆಂಟರು ಮನೆಗೆ ಬಂದಾಗ "ನಮ್ಮಂಥೋರಿಗೆ ಎಲ್ಲಿ ಸಿಗ್ತದೆ ಬಿಡವ್ವ" ಎಂದು ನಿಟ್ಟುಸಿರು ಬಿಟ್ಟರೆ ನನಗೆ ಎಷ್ಟು ಹಿತವಾಗುತ್ತಿತ್ತು!

ಇನ್ನೆರಡು ಸಲ ಬರೆದೆ, ಆಗಲಿಲ್ಲ. ವಯಸ್ಸು ಮೀರಿತು. ಅಷ್ಟರಲ್ಲಿ ಅಪ್ಪ ತೀರಿಹೋದರು. ಕೊನೆಗೆ ನಮ್ಮ ಹೋಬಳಿಯ ನಾಡಕಚೇರಿಯಲ್ಲಿ ಹೊರಗುತ್ತಿಗೆ ಮೇಲೆ ಕಂಪ್ಯೂಟರ್ ಆಪರೇಟರ್ ಆದೆ. ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ ಎಂದು ಬಂದ ಅರ್ಜಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಕುಟ್ಟುವುದು. ಒಂದು ವರ್ಷ ಕಳೆಯುವುದರೊಳಗೆ ಅದೇ ಕಚೇರಿಗೆ ವರ್ಗವಾಗಿ ಬಂದವಳು ಯಾರು ಅಂತೀರಿ? ಅವಳೇ. ನನ್ನ ಹಣೆಬರಹ ಬರೆದವನಿಗೆ ಬೇರೆ ಕೆಲಸ ಇರಲಿಲ್ಲ.

ಕಚೇರಿಯಲ್ಲಿ ಎಲ್ಲರೂ ಅವಳನ್ನು ಮೇಡಂ ಅನ್ನುತ್ತಿದ್ದರು. ಮೊದಲ ದಿನ ನಾನೂ ಹಲ್ಲು ಕಚ್ಚಿಕೊಂಡು "ನಮಸ್ತೆ ಮೇಡಂ" ಅಂದೆ. ಅವಳು ಹತ್ತು ಜನರ ಎದುರಿಗೆ ನನ್ನ ಕೈ ಹಿಡಿದುಕೊಂಡು, "ಅಯ್ಯೋ ಅಕ್ಕಾ, ನೀವು ನನ್ನ ಮೇಡಂ ಅನ್ಬೇಡಿ. ಹೆಂಗೆಂಗೋ ಆಗ್ತದೆ" ಅಂದಳು. ಸೊಕ್ಕಿನಿಂದ ನಡೆದುಕೊಂಡಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ. ಒಳ್ಳೆಯವಳಾಗಿ ನನ್ನನ್ನು ಸುಟ್ಟಳು.

ಕೆಲಸವಾದರೂ ಬಾರದವಳಾಗಿದ್ದರೆ ನನಗೆ ಸುಖವಾಗುತ್ತಿತ್ತು. "ಕೋಟಾದವರ ಕೈಗೆ ಕೊಟ್ರೆ ಇಷ್ಟೇ" ಎಂದು ಅನ್ನಲು ನಾಲಗೆ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ಪಾಪಿ, ಕೆಲಸ ಚೆನ್ನಾಗಿಯೇ ಮಾಡುತ್ತಿದ್ದಳು. ಸ್ಕೂಟರ್ ಹೋಗದ ಕಡೆ ನಡೆದುಹೋಗುತ್ತಿದ್ದಳು. ಲೈನಿನ ಮುದುಕಿಯರ ಪಿಂಚಣಿ ಅರ್ಜಿಗಳನ್ನು ತಾನೇ ಬರೆದು ತರುತ್ತಿದ್ದಳು. ಒಮ್ಮೆ ಒಂದು ವರದಿಯಲ್ಲಿ ಸರ್ವೆ ನಂಬರ್ ತಪ್ಪು ಬರೆದಿದ್ದಳು. ಅದನ್ನು ನಾನು ಊಟದ ಹೊತ್ತಿಗೆ ಜವಾನನಿಂದ ಹಿಡಿದು ಉಪ ತಹಶೀಲ್ದಾರರವರೆಗೆ ಎಲ್ಲರಿಗೂ ಮುಟ್ಟಿಸಿದ್ದೆ. ಅವಳು ಬಂದು "ಒಳ್ಳೇದಾಯ್ತಕ್ಕ, ನೀವು ನೋಡಿದ್ದು" ಎಂದು ಹೇಳಿ ಹೋದಳು.

ಹೀಗಿರುವಾಗ ಮೂಕರ್ಜಿ ಬಂತು. ಹೆಸರು, ಸಹಿ ಇಲ್ಲದೆ ದೂರು ಬರೆದು ಹಾಕುವುದಕ್ಕೆ ಕಚೇರಿಗಳಲ್ಲಿ ಹಾಗೆ ಹೆಸರು. ಅದನ್ನು ಬರೆದದ್ದು ನಾನಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇವಳ ಮನೆಯವರು ತಮಿಳುನಾಡಿನಿಂದ ಬಂದವರು, ಹೊರ ರಾಜ್ಯದವರಿಗೆ ಇಲ್ಲಿನ ಮೀಸಲಾತಿ ಸಲ್ಲದು, ಜಾತಿ ಪ್ರಮಾಣ ಪತ್ರ ರದ್ದು ಮಾಡಿ ಎಂದು ಅದರಲ್ಲಿತ್ತು. ಮಡಿಕೇರಿಯಿಂದ ಅವಳಿಗೆ ನೋಟಿಸ್ ಬಂತು. ಮುತ್ತಾತನ ಕಾಲದಿಂದಲೂ ತಾವು ಇದೇ ನೆಲದಲ್ಲಿದ್ದೇವೆ ಎಂಬುದಕ್ಕೆ ಅವಳು ದಾಖಲೆ ತರಬೇಕು. ತರದಿದ್ದರೆ ಕೆಲಸ ಹೋಗುತ್ತದೆ, ಸುಳ್ಳು ಪ್ರಮಾಣ ಪತ್ರದ ಕೇಸೂ ಬೀಳುತ್ತದೆ.

ಲೈನಿನಲ್ಲಿ ಹುಟ್ಟಿ ಲೈನಿನಲ್ಲೇ ಸತ್ತವರಿಗೆ ಎಲ್ಲಿಯ ದಾಖಲೆ? ಜಾಗವಿಲ್ಲ, ಪಹಣಿಯಿಲ್ಲ. ಮನೆ ಎಸ್ಟೇಟಿನದು. ಎಸ್ಟೇಟು ಮೂರು ಕೈ ಬದಲಾಗಿತ್ತು. ಈಗಿನವರು ಹಳೆಯದೇನೂ ತಮ್ಮಲ್ಲಿಲ್ಲ ಎಂದು ಕೈಚೆಲ್ಲಿದರು. ಉಳಿದದ್ದು ಒಂದೇ, ಚೆಕ್‌ರೋಲು. ರೈಟರ್ ದಿನಾ ಹಾಜರಿ ಹಾಕುವ ಉದ್ದನೆಯ ಪುಸ್ತಕ. ಧಣಿ ಬದಲಾದಾಗಲೆಲ್ಲ ಹಳೆಯ ಪುಸ್ತಕಗಳನ್ನು ಒಲೆಗೆ ಹಾಕಲು ಬಿಡದೆ ಮನೆಗೆ ತರುವುದು ತಾತನ ಅಭ್ಯಾಸವಾಗಿತ್ತು. ಅಪ್ಪನೂ ಅದನ್ನೇ ಮಾಡಿದರು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಅಕ್ಕಾ, ರೈಟರ್ ಸಾರ್ ಹತ್ರ ಹಳೇ ಚೆಕ್‌ರೋಲೆಲ್ಲ ಇತ್ತಲ್ಲ? ನಮ್ಮ ಮುತ್ತಾತನ ಹೆಸರು ಅದ್ರಲ್ಲಿ ಇದ್ರೆ ಸಾಕು ಅಂತ ವಕೀಲರು ಹೇಳಿದ್ರು."

"ಎಲ್ಲಿ ಬಂತೇ ಮಾರಾಯ್ತಿ! ಗೆದ್ದಲು ತಿಂದು ಮಣ್ಣಾಗಿತ್ತು. ಅಪ್ಪ ಹೋದ್ಮೇಲೆ ಎಲ್ಲ ಗುಡಿಸಿ ಹೊರಗೆ ಹಾಕಿದ್ವಿ."

ಮೊದಲೇ ಯೋಚಿಸಿಟ್ಟ ಸುಳ್ಳಲ್ಲ ಅದು. ಕೆಮ್ಮು ಬಂದ ಹಾಗೆ ಬಂತು. ಅವಳು "ಹೌದಾ ಅಕ್ಕಾ" ಎಂದು ಹೋದಳು.

ಮನೆಗೆ ಹೋದವಳೇ ಏಣಿ ಇಟ್ಟು ಅಟ್ಟ ಹತ್ತಿದೆ. ಪುಸ್ತಕಗಳು ತಗಡಿನ ಪೆಟ್ಟಿಗೆಯಲ್ಲಿ ಬೇವಿನೆಲೆಯ ಮಧ್ಯೆ ಚೆನ್ನಾಗಿಯೇ ಇದ್ದವು. ತೀರ ಹಳೆಯದನ್ನು ತೆರೆದೆ. ಮೊದಲ ಪುಟದಲ್ಲೇ, ಮೇಲಿನಿಂದ ಏಳನೆಯವನು ಅವಳ ಮುತ್ತಾತ. ಅವನ ಹೆಸರು, ಅವನ ಅಪ್ಪನ ಹೆಸರು, ಜಾತಿ, ಯಾವ ಲೈನು ಎಲ್ಲ ಇತ್ತು. ಆದರೆ ಆ ಅಕ್ಷರ ನನ್ನ ತಾತನದಲ್ಲ, ಬೇರೆ ಯಾರದೋ. ಪುಟ ತಿರುಗಿಸುತ್ತ ಹೋದೆ. ಪುಸ್ತಕದ ಅರ್ಧ ದಾಟಿದ ಮೇಲೆ ತಾತನ ದುಂಡು ಅಕ್ಷರ ಶುರುವಾಗಿತ್ತು. ಹಾಸನದ ಕಡೆಯಿಂದ ಬಂದು ಕೆಲಸಕ್ಕೆ ಸೇರಿದ್ದನ್ನು ತಾತ ಅಲ್ಲಿ ತಾವೇ ಬರೆದುಕೊಂಡಿದ್ದರು. ನಾವು ಈ ಊರಿಗೆ ಬರುವಾಗ ಅವಳ ಮನೆಯವರು ಇಲ್ಲಿದ್ದರು. ನಾವು ಯಾವಾಗ ಬಂದೆವು ಎಂದು ಮಾತ್ರ ನಮ್ಮನ್ನು ಇದುವರೆಗೆ ಯಾವ ಕಚೇರಿಯೂ ಕೇಳಿಲ್ಲ.

ಪುಸ್ತಕ ಮುಚ್ಚಿದೆ. ಧೂಳು ಒರೆಸಿ ಇದ್ದಲ್ಲೇ ಇಟ್ಟು ಇಳಿದೆ. ಆಮೇಲೂ ಆಗಾಗ ಹತ್ತಿ ನೋಡಿ ಬರುತ್ತಿದ್ದೆ, ಇದೆಯೋ ಇಲ್ಲವೋ ಎಂದು.

ಅವಳು ರಜೆ ಹಾಕಿ ಹಾಕಿ ಮಡಿಕೇರಿಗೆ ಅಲೆದಳು. ಪ್ರತಿ ವಿಚಾರಣೆಗೂ ಇನ್ನೊಂದು ಕಾಗದ ತನ್ನಿ ಎನ್ನುತ್ತಿದ್ದರಂತೆ. ಕೆಲಸ ಸಿಕ್ಕಿದ ಮೇಲೆ ಅವಳು ತನ್ನಮ್ಮನನ್ನು ಕಾಫಿ ಕೀಳುವ ಪಿಕ್ಕಿಂಗ್ ಕೆಲಸ ಬಿಡಿಸಿ ಸುಂಟಿಕೊಪ್ಪದಲ್ಲಿ ಬಾಡಿಗೆ ಮನೆ ಮಾಡಿದ್ದಳು. ಲೈನಿನ ಮನೆಗೆ ಬೇರೆಯವರು ಬಂದಾಗಿತ್ತು, ಹಿಂದಕ್ಕೆ ಹೋಗಲು ಜಾಗವೇ ಇರಲಿಲ್ಲ. ಕಚೇರಿಯಲ್ಲಿ ಅವಳ ಬೆನ್ನ ಹಿಂದೆ ಮೇಡಂ ಹೋಗಿ "ಕೋಟಾ ಮೇಡಂ" ಆಗಿದ್ದಳು. "ಇವ್ಳ ಕತೆ ಇಷ್ಟೇ ಅಂತೆ" ಎಂದು ಟೀ ಕುಡಿಯುತ್ತ ಹೇಳಿಕೊಳ್ಳುತ್ತಿದ್ದರು. ನನಗೆ ಪಾಪ ಅನ್ನಿಸುತ್ತಿತ್ತು. ಆ ಪಾಪದೊಳಗೇ ಸ್ವಲ್ಪ ಸಿಹಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳ ಹುದ್ದೆ ಖಾಲಿಯಾದರೆ ನನಗೆ ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ನನಗಿಲ್ಲದ್ದು ಅವಳಿಗೂ ಬೇಡ, ಅಷ್ಟೇ.

ಸುಳ್ಳು ಹೇಳುವಾಗ ನಾನು ಒಂದನ್ನು ಮರೆತಿದ್ದೆ. ನಮ್ಮ ಸುತ್ತಮುತ್ತಲಿನವರು ಕತ್ತಿ, ಗುದ್ದಲಿ, ಜೀಪು ಇಟ್ಟು ಪೂಜೆ ಮಾಡಿದರೆ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಇಡುವುದು ಚೆಕ್‌ರೋಲು. "ನಮ್ಗೆ ಅನ್ನ ಕೊಟ್ಟ ಆಯುಧ ಇದೇ" ಎಂದು ತಾತ ಶುರುಮಾಡಿದ್ದು. ವರ್ಷಕ್ಕೊಮ್ಮೆ ಪುಸ್ತಕಗಳು ಅಟ್ಟದಿಂದ ಇಳಿದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಪೆನ್ನುಗಳ ಜೊತೆ ಮಣೆಯ ಮೇಲೆ ಕೂರುತ್ತವೆ. ಅಪ್ಪ ಹೋದ ಮೇಲೂ ಅಮ್ಮ ಬಿಟ್ಟಿರಲಿಲ್ಲ. ಆ ಲೈನಿನ ಹುಡುಗಿಗೂ ಅದು ಗೊತ್ತಿದ್ದ ಹಬ್ಬವೇ. ಚಿಕ್ಕವಳಿದ್ದಾಗ ಪ್ರತಿ ವರ್ಷ ಬಂದು ಮೆಟ್ಟಿಲ ಕೆಳಗೆ ನಿಂತು, ಲಂಗ ಹಿಡಿದು ಕಡ್ಲೆಪುರಿ ಹಾಕಿಸಿಕೊಂಡು ಓಡುತ್ತಿದ್ದಳು. ಮಣೆಯ ಮೇಲೆ ಇಟ್ಟಿರುವುದು ಏನು ಎಂದು ಅಲ್ಲಿಂದ ಕಾಣುತ್ತಿರಲಿಲ್ಲ.

ಆ ವರ್ಷ ಹಬ್ಬದ ಬೆಳಿಗ್ಗೆ ಬೂದುಗುಂಬಳ, ಹೂವು ತರಲು ಹೋಗಿದ್ದೆ. ನಾನು ಬಂದ ಮೇಲೆ ಇಳಿಸಿದರಾಯಿತು, ಹಳೆಯದೊಂದನ್ನು ಮೇಲೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ವಾಪಸ್ಸು ಬಂದಾಗ ಜಗಲಿಯ ಹತ್ತಿರ ಪರಿಚಯದ ಸ್ಕೂಟರ್ ಇತ್ತು. ಮೆಟ್ಟಿಲ ಬಳಿ ಅವಳ ಚಪ್ಪಲಿ. ಅವಳು ಒಳಗೆ, ದೇವರ ಮುಂದೆ ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳು ತಂದ ಸ್ವೀಟಿನ ಡಬ್ಬ. ಆಫೀಸರಾಗಿ ಬಂದವಳನ್ನು ಅಮ್ಮ ಕೈಹಿಡಿದು ಒಳಗೆ ಕರೆದಿದ್ದಳು. ಪಕ್ಕದ ಮನೆಯವರನ್ನು ಏಣಿ ಹತ್ತಿಸಿ ಪೆಟ್ಟಿಗೆ ಪೂರ್ತಿ ಇಳಿಸಿಯೂ ಆಗಿತ್ತು.

"ನೋಡವ್ವ, ಇದು ನಮ್ ಮಾವನೋರ ಕಾಲದ್ದು" ಎನ್ನುತ್ತಿದ್ದಳು ಅಮ್ಮ. "ಒಂದು ಹುಳ ಮುಟ್ಟಿಲ್ಲ. ಇವ್ಳು ಹಂಗೆ ಕಾಪಾಡ್ಕೊಂಡು ಬಂದವ್ಳೆ. ಈಗೀಗಂತೂ ವಾರಕ್ಕೊಂದ್ಸಲ ಅಟ್ಟ ಹತ್ತಿ ಒರ್ಸಿ ಇಡ್ತಾಳೆ."

ನಾನು ಬಾಗಿಲಲ್ಲಿ ಕುಂಬಳಕಾಯಿ ಹಿಡಿದು ನಿಂತಿದ್ದೆ. ಅವಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿ "ಹೌದಾ ಅಮ್ಮ" ಅಂದಳು.

"ಅದು... ನಾನು ಬೇರೆ ಪುಸ್ತಕ ಅಂದ್ಕೊಂಡು..." ಎಂದು ಏನೋ ತೊದಲಿದೆ.

"ಯಾವ್ದೇ ಬೇರೆ? ಇರೋದೇ ಇಷ್ಟು" ಅಂದಳು ಅಮ್ಮ.

ಒಂದು ವಾರದ ಮಟ್ಟಿಗೆ ಆ ಹಳೆಯ ಪುಸ್ತಕ ಕೊಡುತ್ತೀರಾ ಎಂದು ಅವಳು ಅಮ್ಮನನ್ನು ಕೇಳಿದಳು, ನನ್ನನ್ನಲ್ಲ. ಪೂಜೆಗಿಟ್ಟದ್ದನ್ನು ಇವತ್ತು ಕದಲಿಸಬಾರದು, ನಾಳೆ ಇವಳ ಕೈಯಲ್ಲೇ ಕಳಿಸುತ್ತೇನೆ ಅಂದಳು ಅಮ್ಮ. ಅವಳು ತಲೆಯಾಡಿಸಿ, ಕಡ್ಲೆಪುರಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೊರಟಳು.

ಮಾರನೆಯ ದಿನ ಪುಸ್ತಕವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಅವಳ ಮನೆಗೆ ಹೋದೆ. ದಾರಿಯಲ್ಲಿ ಹೊಳೆಯ ಮೇಲೊಂದು ಕಿರುಸೇತುವೆ ಸಿಗುತ್ತದೆ. ಅಲ್ಲಿ ನಿಂತೆ. ಕೈಜಾರಿ ಬಿತ್ತು ಎಂದರೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಅಷ್ಟಾದ ಮೇಲೂ ನನ್ನ ಮನಸ್ಸು ಅಲ್ಲಿಗೇ ಹೋಯಿತಲ್ಲ, ಥೂ ಎಂದು ನನಗೆ ನಾನೇ ಉಗಿದುಕೊಂಡು ನಡೆದೆ.

ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮೊದಲ ಪುಟ ತೆರೆದು ಬೆರಳಿಟ್ಟುಕೊಂಡು ಇಳಿದಳು. ಏಳನೆಯ ಸಾಲಿನಲ್ಲಿ ಬೆರಳು ನಿಂತಿತು. ಒಳಗಿದ್ದ ತನ್ನಮ್ಮನನ್ನು ತಮಿಳಿನಲ್ಲಿ ಕರೆದು ತೋರಿಸಿದಳು. ಓದಲು ಬಾರದ ಆ ಹೆಂಗಸು ಆ ಸಾಲನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ಕೈಮುಗಿದು ಕಾಫಿ ಮಾಡಲು ಹೋದರು. ಅವರಿಗೆ ಏನೂ ಗೊತ್ತಿರಲಿಲ್ಲ.

"ನಿಂಗೆ ಹೆಂಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣೇ..." ಎಂದು ಶುರುಮಾಡಿದೆ.

"ಪರವಾಗಿಲ್ಲ ಮೇಡಂ" ಅಂದಳು. "ಕೂತ್ಕೊಳ್ಳಿ. ಸ್ವೀಕೃತಿ ಬರ್ಕೊಡ್ತೀನಿ."

ಒಂದು ಬಿಳಿ ಹಾಳೆ ತೆಗೆದು ಕಚೇರಿಯಲ್ಲಿ ಬರೆಯುವ ಹಾಗೆಯೇ ಬರೆದಳು. ಹಳೆಯ ಚೆಕ್‌ರೋಲ್ ಪುಸ್ತಕ ಒಂದು, ಸುಸ್ಥಿತಿಯಲ್ಲಿ, ಗೆದ್ದಲು ಹಿಡಿಯದೆ ಇರುವುದು, ಸ್ವೀಕರಿಸಲಾಗಿದೆ. ಕೆಳಗೆ ಸಹಿ. ಕೈಬರಹ ಹೆಚ್ಚುಕಮ್ಮಿ ನನ್ನದೇ. ಜಗಲಿಯಲ್ಲಿ ನಾನೇ ಕೈಹಿಡಿದು ತಿದ್ದಿಸಿದ್ದಲ್ಲವೇ. ನಾನು ಆ ಹಾಳೆ ಮಡಚಿಕೊಂಡು, ಕಾಫಿಗೆ ಕಾಯದೆ ಬಂದೆ.

ಕೇಸು ಬಿದ್ದುಹೋಯಿತು, ಅವಳ ಕೆಲಸ ಉಳಿಯಿತು. ಪುಸ್ತಕವನ್ನು ಹೇಳಿದ ದಿನಕ್ಕೆ ಹೊಸ ಬಟ್ಟೆಯಲ್ಲಿ ಸುತ್ತಿ ನಮ್ಮಮ್ಮನ ಕೈಗೆ ಕೊಟ್ಟು ಹೋದಳು. ಮೂಕರ್ಜಿ ಬರೆದವರು ಯಾರೆಂದು ನನ್ನನ್ನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಅದು ನಾನಲ್ಲ ಎಂದಾದರೂ ಹೇಳಬಹುದಿತ್ತು. ಈಗ ಕಚೇರಿಯಲ್ಲಿ ನಾನು ಅವಳಿಗೆ ಮೇಡಂ, ಅವಳು ನನಗೆ ಮೇಡಂ. ಅರ್ಜಿ ಕೊಡುವಾಗ, ತೆಗೆದುಕೊಳ್ಳುವಾಗ ಎಲ್ಲ ನಯವಾಗಿಯೇ ನಡೆಯುತ್ತದೆ. ಕಸ ಗುಡಿಸಲು ಒಬ್ಬ ಹೆಂಗಸು ಹೊಸದಾಗಿ ಬಂದಿದ್ದಾಳೆ. ಆ ಹೆಂಗಸು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವಳು ಒಳಗಿನಿಂದ "ಅಕ್ಕಾ, ಬನ್ನಿ, ಒಟ್ಟಿಗೆ ಉಣ್ಣುವ" ಎಂದು ಕೂಗುತ್ತಾಳೆ. ಆ ಕಸ ಗುಡಿಸುವವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.