ರೋಣದಲ್ಲಿ ಒಂದು ಫ್ರೆಂಚ್ ಗಂಟಲು

ಪ್ರತಿದಿನ ಬೆಳಿಗ್ಗೆ, ಒಂದು ಹನಿ ಉಪ್ಪುನೀರೂ ಇಲ್ಲದೆ, ನಾನು ಗಂಟಲು ಮುಕ್ಕಳಿಸುತ್ತೇನೆ. ಕೇಳಿದವರು ನೆಗಡಿ ಎಂದುಕೊಳ್ಳುತ್ತಾರೆ. ಅದು ಫ್ರೆಂಚ್. ಆ ಭಾಷೆಯ ‘ರ’ ನಾಲಗೆಯ ಮೇಲೆ ಹುಟ್ಟುವುದಿಲ್ಲ, ಕಿರುನಾಲಗೆಯ ಹತ್ತಿರ ಎಲ್ಲೋ ಹುಟ್ಟುತ್ತದೆ. ನಲವತ್ತೇಳು ವರ್ಷ ನಾಲಗೆಯನ್ನೇ ನಂಬಿ ಸಂಸಾರ ಮಾಡಿದವಳಿಗೆ ಈಗ ಗಂಟಲನ್ನು ನಂಬು ಎಂದರೆ ಹೇಗೆ? ಪಕ್ಕದ ಮನೆಯ ಶಾಂತಕ್ಕ ಮೊದಲ ವಾರ ಮೆಣಸಿನ ಕಷಾಯ ಮಾಡಿ ತಂದುಕೊಟ್ಟರು. ವಿಷಯ ತಿಳಿದ ಮೇಲೆ ಕಷಾಯ ನಿಂತಿತು, ಕೊಂಕು ಶುರುವಾಯಿತು.

“ಅಲ್ರೀ ವೈನಿ, ಫ್ರೆಂಚ್ ಕಲತು ಯಾರ ಜೋಡಿ ಮಾತಾಡ್ತೀರಿ? ಗದಗ ಬಸ್ಸಿನ ಕಂಡಕ್ಟರ್ ಜೋಡಿ ಏನ್ರಿ?”

ತಪ್ಪೆಲ್ಲ ನಾನು ಓದಿದ ಕಾನ್ವೆಂಟಿನದು. ಅಲ್ಲಿ ನಮ್ಮ ಸಿಸ್ಟರ್ ಬಾಯಿಯ ಮುಂದೆ ಕಾಗದದ ಚೂರು ಹಿಡಿಸಿ ಇಂಗ್ಲಿಷ್ ಹೇಳಿಸುತ್ತಿದ್ದರು. ಕಾಗದ ಅಲ್ಲಾಡಿದರೆ ಉಚ್ಚಾರ ಸರಿ. ಅವರಿಗೆ ಫ್ರೆಂಚೂ ಬರುತ್ತಿತ್ತು. ನನಗೂ ಕಲಿಸಿ ಎಂದು ಒಮ್ಮೆ ಕೇಳಿದೆ. “ಮೊದಲು ಕಾಗದ ಅಲ್ಲಾಡಲಿ” ಎಂದರು. ನನ್ನ ಕಾಗದ ಬಂಡೆಗಲ್ಲಿನ ಹಾಗೆ ನಿಂತಿತ್ತು. ಆ ಆಸೆ ಮೂವತ್ತೈದು ವರ್ಷ ಟ್ರಂಕಿನ ತಳದಲ್ಲಿ ಮಲಗಿದ್ದು, ಮೊಬೈಲ್ ಬಂದ ಮೇಲೆ ಎದ್ದು ಕುಳಿತಿತು.

ಈಗ ನನಗೆ ಗುರುಗಳಿಗೇನು ಕೊರತೆ! ವ್ಯಾಕರಣಕ್ಕೆ ಒಂದು ಆ್ಯಪ್, ತುಟಿ ಹೇಗೆ ಚೂಪು ಮಾಡಬೇಕೆಂದು ತೋರಿಸಲು ವಿಡಿಯೊ, ನನ್ನ ದನಿಯನ್ನೇ ನನಗೆ ಕೇಳಿಸಿ ಅವಮಾನ ಮಾಡಲು ಮತ್ತೊಂದು. ಆ್ಯಪಿನ ಔದಾರ್ಯ ಅಪಾರ. ‘ಬೆಕ್ಕು’ ಎಂದು ಒತ್ತಿದರೆ ನಕ್ಷತ್ರ, ‘ಹಾಲು’ ಎಂದು ಒತ್ತಿದರೆ ಚಪ್ಪಾಳೆ. ಒಂದು ದಿನ ತಪ್ಪಿಸಿದರೆ ಮಾತ್ರ ‘ನಿಮ್ಮ ದಾರಿ ಕಾದೆವು, ನೀವು ಬರಲಿಲ್ಲ’ ಎಂದು ಸಂದೇಶ ಬರುತ್ತದೆ. ತವರಿನ ನಾದಿನಿ ಕೂಡ ನಾನು ಪಂಚಮಿ ಹಬ್ಬಕ್ಕೆ ಹೋಗದಿದ್ದಾಗ ಇಷ್ಟು ಹದವಾಗಿ ಚುಚ್ಚಿದವಳಲ್ಲ.

ಬಾಯಿಬಿಟ್ಟು ಹೇಳುವ ಪಾಠದಲ್ಲಿ ಮಾತ್ರ ಅದರ ಔದಾರ್ಯ ಬತ್ತುತ್ತದೆ. ನಾನು ಹೇಳಿದ್ದಕ್ಕೆಲ್ಲ ಕೆಂಪು ಗುರುತು, ಜೊತೆಗೆ ಸೂತಕದಂಥ ಒಂದು ಸದ್ದು. ಒಮ್ಮೆ ನಾನು ಬಾಯಿ ತೆರೆಯುವ ಮೊದಲೇ ಒಳಗೆ ಅತ್ತೆ ರೊಟ್ಟಿ ಬಡಿದರು. ಹಸಿರು ಗುರುತು ಬಿತ್ತು! ಅತ್ತೆಯ ಅಂಗೈಗೆ ಬರುವ ಫ್ರೆಂಚ್ ನನ್ನ ಬಾಯಿಗೆ ಬರುತ್ತಿಲ್ಲವೆಂದು ಆ ದಿನ ಖಾತ್ರಿಯಾಯಿತು.

ರೊಟ್ಟಿಯನ್ನೂ ನಾನು ಇದೇ ಮನೆಯಲ್ಲಿ ಕಲಿತವಳು. ಆಗ ನಕ್ಷತ್ರವಿರಲಿಲ್ಲ. ಹರಿದ ರೊಟ್ಟಿಯನ್ನು ಅತ್ತೆ ನೋಡುತ್ತಿದ್ದರು, “ಮತ್ತ ಬಡಿ” ಎನ್ನುತ್ತಿದ್ದರು. ಚಲೋ ಆದ ದಿನ ಏನೂ ಅನ್ನುತ್ತಿರಲಿಲ್ಲ, ಇನ್ನೊಂದು ಹಾಕಿಸಿಕೊಳ್ಳುತ್ತಿದ್ದರು.

ಆ ಅತ್ತೆಗೆ ಒಂದು ದಿನ ಲಿಂಗಭೇದ ವಿವರಿಸಿದೆ. ನಾವು ಕಲ್ಲು ಕಟ್ಟಿಗೆಗೆಲ್ಲ ‘ಅದು’ ಎಂದು ಕೈತೊಳೆದುಕೊಂಡವರು. ಫ್ರೆಂಚರಿಗೆ ಸೂರ್ಯ ಗಂಡು, ಮೇಜು ಹೆಣ್ಣು. ಯಾಕೆಂದು ಆ್ಯಪನ್ನು ಕೇಳಿದರೆ ಚಪ್ಪಾಳೆ ತಟ್ಟುತ್ತದೆ. ಮೇಜಿನ ವಿಷಯದಲ್ಲಿ ಅತ್ತೆಗೆ ಯಾವ ಅನುಮಾನವೂ ಬರಲಿಲ್ಲ.

“ಮ್ಯಾಲೆ ಎಲ್ಲಾರೂ ಎಲ್ಲಾ ತಂದು ಒಟ್ಟತಾರ, ಅದು ಸುಮ್ನ ನಿಂದರ್ತೈತಿ. ಹೆಂಗಸ ಇರಬೇಕು ಬಿಡು” ಎಂದರು. ಮುಂದೆ ಹೇಳಿದರು: “ಅಲ್ಲವಾ, ಆ ಮಶೀನ್ ಕಡಿಂದ ದಿನಾ ಯಾಕ ಬೈಸ್ಕೋತಿ?”

ಮಾತು ನಾಟಿತು. ಶಾಂತಕ್ಕನ ಎದುರಿಗೇ ನಾನು ಶಪಥ ಮಾಡಿಬಿಟ್ಟೆ: ನಿಜವಾದ ಫ್ರೆಂಚರೊಬ್ಬರೊಡನೆ ಮಾತಾಡುತ್ತೇನೆ, ಅವರಿಗೆ ನನ್ನ ಒಂದು ವಾಕ್ಯವೂ ತಿಳಿಯದಿದ್ದರೆ ಎಲ್ಲವನ್ನೂ ಮೊಬೈಲಿನಿಂದ ಅಳಿಸಿ ಗಂಟಲನ್ನು ಕಷಾಯಕ್ಕೆ ಮೀಸಲಿಡುತ್ತೇನೆ.

ಇಂಥ ಮನುಷ್ಯರನ್ನು ಜೋಡಿಸಿಕೊಡುವ ಆ್ಯಪೂ ಇದೆ. ನನಗೆ ಸಿಕ್ಕವರು ಮೊನೀಕ್ ಎಂಬಾಕೆ. ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ ಟೇಲರಿಂಗ್ ಮಾಡುತ್ತಾರೆ, ಇಂಗ್ಲಿಷ್ ರೂಢಿಯಾಗಬೇಕಿತ್ತು. ಹತ್ತು ನಿಮಿಷ ಅವರ ಭಾಷೆ, ಹತ್ತು ನಿಮಿಷ ಇಂಗ್ಲಿಷ್ ಎಂದು ಕರಾರಾಯಿತು. ಭಾನುವಾರ ಸಂಜೆ ಆರು ಗಂಟೆ.

ಐದೂಮುಕ್ಕಾಲಿಗೇ ಅತ್ತೆ ಪಡಸಾಲೆಯಲ್ಲಿ ಜಾಗ ಹಿಡಿದರು. ಶಾಂತಕ್ಕ ಒಂದು ತಟ್ಟೆ ಚುರಮುರಿಯೊಂದಿಗೆ ಬಂದರು. ಪುಕ್ಕಟೆ ನಾಟಕಕ್ಕೆ ಬರಿಗೈಯಲ್ಲಿ ಬರಬಾರದಲ್ಲ. ಪರದೆಯ ಮೇಲೆ ಮೊನೀಕ್ ಮೂಡಿದರು: ಕೊರಳಲ್ಲಿ ಅಳತೆಯ ಟೇಪು, ಮೂಗಿನ ತುದಿಗೆ ಕನ್ನಡಕ. ನಮಸ್ಕಾರ ಹೇಳಿದೆ. ಆಮೇಲೆ ಎಲ್ಲ ಖಾಲಿ. ಇನ್ನೂರು ದಿನದ ಪಾಠದಲ್ಲಿ ಹುಡುಕಿದೆ: ‘ಆನೆ ಸುಂದರವಾಗಿದೆ’, ‘ನನ್ನ ಕುದುರೆ ಗ್ರಂಥಾಲಯದಲ್ಲಿದೆ’, ‘ಬೆಕ್ಕು ಚೀಸ್ ತಿಂದಿದೆ’. ಎದುರಿಗೆ ಮನುಷ್ಯರೊಬ್ಬರು ಕುಳಿತಿದ್ದಾರೆ, ಅವರಿಗೆ ಹೇಳಲು ನನ್ನ ಬಳಿ ಬರೀ ಪ್ರಾಣಿಗಳು.

“ಏನರ ಕೇಳವಾ!” ಎಂದು ಅತ್ತೆ ಪಿಸುಗುಟ್ಟಿದರು. “ಊಟಾ ಆತೇನು ಅಂತನರ ಕೇಳು.”

ನಮ್ಮೂರಿನಲ್ಲಿ ಯಾವ ಮಾತೂ ಇದನ್ನು ದಾಟದೆ ಶುರುವಾಗುವುದಿಲ್ಲ. ಇನ್ನೂರು ದಿನದಲ್ಲಿ ಆ್ಯಪ್ ಮಾತ್ರ ಇದನ್ನು ಕಲಿಸಿರಲಿಲ್ಲ. ಬೆಕ್ಕಿನ ವಾಕ್ಯದಿಂದ ಬೆಕ್ಕನ್ನು ಓಡಿಸಿದೆ, ಚೀಸನ್ನು ತೆಗೆದಿಟ್ಟೆ, ಖಾಲಿಯಾದ ಜಾಗದಲ್ಲಿ ಮೊನೀಕರನ್ನು ಕೂಡಿಸಿದೆ. “ವೂ ಝಾವೆ ಮಾಂಝೆ?”

ಮೊನೀಕ್ ಕನ್ನಡಕ ತೆಗೆದರು. ಶಾಂತಕ್ಕ ಚುರಮುರಿಯ ತಟ್ಟೆ ಪಕ್ಕಕ್ಕಿಟ್ಟು ಮುಂದೆ ಬಾಗಿದರು. ನನ್ನ ಬೆರಳು ಆಗಲೇ ಅಳಿಸುವ ಗುಂಡಿಯ ದಾರಿ ನೆನೆಯುತ್ತಿತ್ತು.

ಆಮೇಲೆ ಅವರು ನಕ್ಕರು, ಮತ್ತು ಶುರುಮಾಡಿದರು. ಸೂಪಿನಿಂದ ಹಿಡಿದು ಹಣ್ಣಿನವರೆಗೆ, ಎರಡೂ ಕೈ ಬಳಸಿ, ಹತ್ತು ನಿಮಿಷ ಪೂರ್ತಿ. ನನಗೆ ತಿಳಿದದ್ದು ಮೂರು ಪದ. ಉಳಿದದ್ದಕ್ಕೆಲ್ಲ ‘ಹ್ಞೂಂ, ಹ್ಞೂಂ’ ಎಂದೆ. ಆ ಪದ ಎಲ್ಲ ಭಾಷೆಗೂ ಸೇರಿದ್ದೆಂದು ಕಾಣುತ್ತದೆ. ಕೊನೆಗೆ ಅವರು ನನ್ನ ವಾಕ್ಯವನ್ನೇ ನನಗೆ ತಿರುಗಿಸಿ ಕೇಳಿದರು.

“ಏನಂತ? ಏನ್ ಉಂಡಾಳಂತ?” ಅತ್ತೆಗೆ ತಾಳ್ಮೆ ಮುಗಿದಿತ್ತು.

“ಸೂಪು, ಮೀನು, ಬ್ರೆಡ್ಡು.”

“ಬರೇ ಬ್ರೆಡ್ಡ? ಪಾಪ. ಬಂದ್ರ ರೊಟ್ಟಿ ಮಾಡೂಣಂತ ಹೇಳು.”

ಶಾಂತಕ್ಕ ಖಾಲಿ ತಟ್ಟೆ ಎತ್ತಿಕೊಂಡು ಎದ್ದರು. “ಇಷ್ಟ ದಿನ ಗಂಟಲಾ ಹರಕೊಂಡು, ಕಡೀಕ ಊಟಾ ಆತೇನು ಅಂತ ಕೇಳೂದ ಕಲತ್ರಿ ಅನ್ರಿ” ಎಂದರು. ಬಾಗಿಲಲ್ಲಿ ತಿರುಗಿ, “ಮುಂದಿನ ಐತವಾರ ಎಷ್ಟಕ್ಕ?” ಎಂದೂ ಕೇಳಿದರು.

ಮರುದಿನ ಬೆಳಿಗ್ಗೆ ಆ್ಯಪ್ ಎಂದಿನಂತೆ ‘ಆನೆ ಸುಂದರವಾಗಿದೆ’ ಎಂದು ಹೇಳಲು ಆಜ್ಞೆ ಮಾಡಿತು. ಇಷ್ಟು ದಿನದ ಪರಿಚಯ, ಒಮ್ಮೆಯೂ ವಿಚಾರಿಸಿಕೊಂಡಿಲ್ಲವಲ್ಲ ಎನಿಸಿ ನಾನು ಊಟವಾಯಿತೇ ಎಂದು ಕೇಳಿದೆ. ಕೆಂಪು ಗುರುತು, ಸೂತಕದ ಸದ್ದು. ಬೇಸರವಾಗಲಿಲ್ಲ. ಅಳಿಸಲೂ ಇಲ್ಲ. ಹುಟ್ಟಿದಂದಿನಿಂದ ಉಪವಾಸವಿರುವವರಿಗೆ ಆ ಪ್ರಶ್ನೆ ತಿಳಿಯಬೇಕಾದರೂ ಹೇಗೆ?